ಹಸನಾಕ ಆರಿಸಿದ ಜೋಡಿ

ಗಲ್ಫಿನ ಸಾಲ್ಮಿಯಾದ ಆ ಫ್ಲ್ಯಾಟಿನ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದರೆ, "ಹೊರಗೆ ಬಿಡ್ಬೇಡಿ ಸಿಸ್ಟರ್, ಕೈಯಲ್ಲಿ ಹಿಡ್ಕೊಂಡು ಬನ್ನಿ" ಎಂದರು ಒಳಗಿದ್ದವರು. ಚಪ್ಪಲಿ ರಾಶಿ ಕಂಡರೆ ಹಾರಿಸ್, ಎಂದರೆ ಕಟ್ಟಡದ ಕಾವಲಿನವ, ಒಳಗೆ ಪರವಾನಗಿ ಇಲ್ಲದ ಸಭೆ ಉಂಟೆಂದು ಪೊಲೀಸರಿಗೆ ಹೇಳಿಬಿಟ್ಟರೆ ಕಷ್ಟ. ಊರಿನಲ್ಲಿ ಪಂಚಾಯತ್ ಚುನಾವಣೆಗೆ ಮೈಕು ಕಟ್ಟಿದ ಜೀಪು ಅಂಗಳಕ್ಕೇ ಬರುತ್ತಿತ್ತು. ಇಲ್ಲಿ ನಮ್ಮ ಕರಾವಳಿ ಸಂಘಕ್ಕೆ ಅಧ್ಯಕ್ಷರನ್ನು ಆರಿಸಲು ಪರದೆ ಎಳೆದು, ಟಿವಿ ಜೋರು ಮಾಡಿ, ಪಿಸುದನಿಯಲ್ಲಿ ಜಗಳ ಆಡಬೇಕು.

ಅಧ್ಯಕ್ಷಗಿರಿ ಎಂದರೆ ಹಾರ ತುರಾಯಿ ಅಲ್ಲ. ನಮ್ಮವರು ಯಾರಾದರೂ ತೀರಿಕೊಂಡರೆ ಹೆಣ ಊರಿಗೆ ಕಳಿಸಬೇಕು. ಕಫೀಲ್, ನಮ್ಮ ವೀಸಾ ಹಿಡಿದ ಯಜಮಾನ, ಪಾಸ್‌ಪೋರ್ಟ್ ಕೊಡದಿದ್ದರೆ ಅವನ ಬಾಗಿಲಲ್ಲಿ ಹೋಗಿ ಕೂರಬೇಕು. ಜಹ್ರಾದಲ್ಲಿ ಅಂಗಡಿ ಇಟ್ಟಿದ್ದ ಹಸನಾಕ ಬಹಳ ಕಾಲದಿಂದ ಇದನ್ನೆಲ್ಲ ಮಾಡಿಕೊಂಡು ಬಂದವರು. ಕಳೆದ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಆದರೂ ಈ ಸಲವೂ ಚುನಾವಣೆಗೆ ನಿಂತಿದ್ದರು.

ನಾನು ಗಂಡ ಹೋದ ಮೇಲೆ ಮಗಳನ್ನು ಅಮ್ಮನ ಬಳಿ ಬಿಟ್ಟು ನರ್ಸಾಗಿ ಬಂದವಳು. ಮುಂದಿನ ಜೂನಿಗೆ, ಶಾಲೆ ಶುರುವಾಗುವಾಗ, ಊರಲ್ಲೇ ಇರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ.

"ಕಾರು ಬಿಡ್ಲಿಕ್ಕಾಗದವರು ಅಧ್ಯಕ್ಷರಾಗಿ ಎಂತ ಮಾಡುದು ಮಾರಾಯ್ರೆ?" ಎಂದರು ವಾಲ್ಟರ್. ಅವರು ದೊಡ್ಡ ಕಂಪನಿಯೊಂದರ ಮ್ಯಾನೇಜರ್, ಎದುರಾಳಿ.

"ಕೈ ಸಮ ಇಲ್ಲ, ಹೌದು. ಕಫೀಲನ ಹತ್ರ ಮಾತಾಡುದು ಬಾಯಿಯಲ್ಲಲ್ವಾ?" ಎಂದರು ಹಸನಾಕ.

ನನಗೆ ತಡೆಯಲಾಗಲಿಲ್ಲ. "ಎಡಗೈ ಎತ್ತಿ ತೋರಿಸಿ ಹಸನಾಕ" ಎಂದೆ. ಎತ್ತಿದರು. ಎದೆಯ ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. "ಇನ್ನೊಮ್ಮೆ ಬಡಿಯಬಹುದು. ಆಗ ಯಾರು?" ಎಂದು ಕೇಳಿದೆ.

ಸಂಘದ ರೂಢಿಯಂತೆ ಅಧ್ಯಕ್ಷಗಿರಿಗೆ ನಿಂತವರೇ ಉಪಾಧ್ಯಕ್ಷರ ಹೆಸರು ಹೇಳಬೇಕು, ವೋಟು ಜೋಡಿಗೆ. ಹಸನಾಕ ನನ್ನ ಕಡೆ ನೋಡಿದರು. "ನೀವೇ ಸಿಸ್ಟರ್. ಮುಖಕ್ಕೆ ಹೇಳುವವರು ಬೇಕು."

"ಹೆಂಗಸು ಶವಾಗಾರಕ್ಕೆ ಹೋಗ್ಲಿಕ್ಕುಂಟಾ?" ಎಂದರು ವಾಲ್ಟರ್.

ನನಗೆ ಪಿತ್ತ ನೆತ್ತಿಗೇರಿತು. "ಆಸ್ಪತ್ರೆಯಲ್ಲಿ ಹೆಣದ ಕಣ್ಣು ಮುಚ್ಚುವುದು ಯಾರು ಅಂತ ಗ್ರಹಿಸಿದ್ದೀರಿ ವಾಲ್ಟರ್? ನಾನು ನಿಲ್ತೇನೆ." ಹೇಳಿ ಕೂತ ಮೇಲೆ ಜೂನ್ ನೆನಪಾಯಿತು. ಅಧಿಕಾರ ಎರಡು ವರ್ಷದ್ದು. ಆದರೂ ಹೆಸರು ಹಿಂದೆ ತೆಗೆದುಕೊಳ್ಳಲಿಲ್ಲ. ಚೀಟಿ ಹಾಕಿದರು, ನಾವು ಗೆದ್ದೆವು.

ಬೇಸಿಗೆಗೆ ಮೊದಲೇ ಹಸನಾಕರಿಗೆ ಮತ್ತೆ ಬಡಿಯಿತು. ಮಾತೂ ಹೋಯಿತು. ಮಗ ಬಂದು, ಅಂಗಡಿ ಖಲಾಸ್ ಮಾಡಿ, ತಂದೆಯನ್ನು ಊರಿಗೆ ಕರೆದುಕೊಂಡು ಹೋದ. ಅವರನ್ನು ಹುಡುಕಿಕೊಂಡು ಬರುತ್ತಿದ್ದವರು ಈಗ ನನ್ನ ಬಾಗಿಲು ತಟ್ಟುತ್ತಾರೆ. ಅರ್ದಿಯಾದ ಗೋದಾಮಿನ ಹುಡುಗರು ನನ್ನನ್ನು 'ಅಧ್ಯಕ್ಷರೇ' ಎನ್ನುತ್ತಾರೆ. ಊರಿನಲ್ಲಿ ನಾನು ಇಂಥವರ ಸೊಸೆ, ಇಂಥವರ ವಿಧವೆ ಅಷ್ಟೆ.

ಶುಕ್ರವಾರ ಮಗಳಿಗೆ ಫೋನು ಮಾಡಿ, ಹಸನಾಕರ ವಿಷಯ ಹೇಳಿ, ಜೂನಿಗೆ ಬರಲಾಗುವುದಿಲ್ಲ ಎಂದೆ. ಅತ್ತರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ.

"ಆ ಅಜ್ಜ ನಿನ್ನ ಹೆಸರು ಹೇಳಿ ಊರಿಗೆ ಬಂದ್ರಲ್ಲ ಮಮ್ಮಿ. ನೀನೂ ಯಾರದ್ದಾದ್ರೂ ಹೆಸರು ಹೇಳಿ ಬಾ."

ನನ್ನ ಜಾಗಕ್ಕೆ ಹೇಳಬಹುದಾದ ಹೆಸರುಗಳಿದ್ದವು, ಒಂದಲ್ಲ ಮೂರು. ನಾನು ಒಂದನ್ನೂ ಹೇಳಲಿಲ್ಲ.