ತೊಳೆದ ಪಾತ್ರೆಗೆ ಮತ್ತೆ ನೀರು

ಇವತ್ತು ಗೆಳೆಯನ ಮನೆಯಲ್ಲಿ ಕೆಲಸದಾಕೆ ತೊಳೆದ ಪಾತ್ರೆಗಳ ಮೇಲೆ ಅವನ ತಾಯಿ ಮತ್ತೆ ನೀರು ಚಿಮುಕಿಸಿದಾಗ ನಮ್ಮ ಮನೆಗೆಲಸದ ಈರಮ್ಮ ನೆನಪಾದಳು.

ಚಿಕ್ಕಂದಿನಲ್ಲಿ ಪಾರ್ವತಿನಗರದ ನಮ್ಮ ಮನೆಯಲ್ಲಿ ಈ ಪವಿತ್ರ ಕಾರ್ಯದ ಪ್ರಧಾನ ಪುರೋಹಿತ ನಾನೇ ಆಗಿದ್ದೆ. ನಾನು ನೀರು ಹಾಕದೆ ಈರಮ್ಮ ತಿಕ್ಕಿದ ಪಾತ್ರೆಯನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಒಂದು ದಿನ ಮಂತ್ರ ಗೊಣಗುತ್ತಾ ಈರಮ್ಮನ ತಲೆಗೇ ಚಿಮುಕಿಸಿದೆ. ಅಜ್ಜಿ ನಕ್ಕಳು. ಈರಮ್ಮ ಮುಖ ಒರೆಸಿಕೊಂಡು ಹೊರಟುಹೋದಳು. ಇನ್ನು ಬರುವುದೇ ಇಲ್ಲವೇನೋ ಎಂಬ ಭಯ ನನಗೆ ಹತ್ತಿತು.

ಮರುದಿನ ಗೇಟು ಹಿಡಿದೇ ನಿಂತಿದ್ದೆ. ಬಂದಳು.

"ತಪ್ಪಾತು, ಈರಮ್ಮ" ಎಂದೆ.

"ಕೂಸಿದ್ದಾಗ ನಿನಗ ದಿನಾ ಎಣ್ಣಿ ಹಚ್ಚಿ ಎರೆದಾಕಿ ನಾನು. ನನ್ನ ಕೈಯಾಗಿಂದ ಎತ್ಕಳ್ಳಾಗ ನಿಮ್ಮಜ್ಜಿಯೋರು ನಿನ್ನ ಮ್ಯಾಲೂ ನೀರು ಚಿಮುಕಿಸ್ತಿದ್ರೇನ್ಲೇ?"

ಬಾಗಿಲಲ್ಲಿದ್ದ ಅಜ್ಜಿ ಒಳಗೆ ಹೋದಳು.

ಅದೇ ಪ್ರಶ್ನೆ ಇವತ್ತು ನನ್ನ ನಾಲಿಗೆಯ ತುದಿಗೆ ಬಂತು. ಗೆಳೆಯನ ತಾಯಿ ಕೊಟ್ಟ ಚಹಾದ ಜೊತೆ ನುಂಗಿಬಿಟ್ಟೆ.