ಖಾಲಿ ಬಿಟ್ಟ ನಾಲ್ಕು ಪಟ್ಟಿಗಳು

ಆ ಹೊಲದಲ್ಲಿ ಹದಿನಾರು ಪಟ್ಟಿಗಳಿದ್ದವು. ಇಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ, ಯಾಕೆಂದರೆ ಹಗ್ಗ ಹಿಡಿದು ಅಳೆದು ಬದು ಹಾಕಿಸಿದವನು ನಾನೇ. ಮಿಕ್ಕದ್ದರ ಬಗ್ಗೆ, ಅದರಲ್ಲೂ ಹೊಲದ ಯಜಮಾನರ ತಾಯಿ ಆಯಿ ನನಗೆ ಒಂದು ಮಾತನ್ನು ಯಾವಾಗ ಹೇಳಿದರು ಎಂಬುದರ ಬಗ್ಗೆ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಯಾವುದನ್ನೂ ಸುಲಭಕ್ಕೆ ನಂಬದಿರುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತ್ತು. ಆ ವಿದ್ಯೆಯನ್ನು ನನ್ನ ಮೇಲೆಯೇ ಪ್ರಯೋಗಿಸುವ ಪ್ರಸಂಗ ಬಂದದ್ದು ಸವದತ್ತಿ ತಾಲ್ಲೂಕಿನ ಒಂದು ಜೋಳದ ಹೊಲದಲ್ಲಿ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನವಿಲುತೀರ್ಥದ ನೀರು ಕಾಲುವೆಗಳಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ನಾನು ಧಾರವಾಡದಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದೆ. ನನ್ನ ಪ್ರಬಂಧದ ಪ್ರಶ್ನೆ ಸರಳವಾಗಿತ್ತು: ನೀರು ಸಿಗುವ ಎರೆಮಣ್ಣಿನಲ್ಲಿ, ಬಿತ್ತುವಾಗ ಹಾಕುವ ಗೊಬ್ಬರದ ಜೊತೆಗೆ ತಿಂಗಳ ನಂತರ ಇನ್ನೊಮ್ಮೆ ಯೂರಿಯಾ ಕೊಟ್ಟರೆ ಬಿಳಿಜೋಳಕ್ಕೆ ಎಷ್ಟು ಲಾಭ? ಎರಡನೆಯ ಸಲದ ಯೂರಿಯಾ ನಾಲ್ಕು ಪಟ್ಟಿಗೆ ಒಂದು ಅಳತೆ, ನಾಲ್ಕಕ್ಕೆ ಎರಡು, ನಾಲ್ಕಕ್ಕೆ ಮೂರು. ಉಳಿದ ನಾಲ್ಕಕ್ಕೆ ಏನೂ ಇಲ್ಲ. ಈ ಏನೂ ಇಲ್ಲದ ನಾಲ್ಕರ ಜೊತೆ ಹೋಲಿಸಿದರೆ ಮಾತ್ರ ಉಳಿದವುಗಳಿಗೆ ಅರ್ಥ.

ಯಾವ ಪಟ್ಟಿಗೆ ಎಷ್ಟು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕೆಂಬುದು ನಿಯಮ. ನಾನು ಬದುವಿನ ಮೇಲೆ ಕೂತು ಟೊಪ್ಪಿಗೆಯಿಂದ ಚೀಟಿ ತೆಗೆಯತೊಡಗಿದ್ದೇ ಹೊಲದ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಆ ಕಡೆ ಚೀಟಿ ಎತ್ತುವುದು ಅಣ್ಣತಮ್ಮಂದಿರು ಪಾಲಾಗುವಾಗ.

“ಏನ್ರಿ ಸಾಹೇಬ್ರ, ನಾ ಇನ್ನೂ ಗಟ್ಟಿ ಅದೇನಿ. ಆಗಲೇ ನನ್ನ ಹೊಲಾ ಪಾಲು ಮಾಡಾಕ ಹತ್ತೀರಲ್ಲ?”

ಅವರ ತಾಯಿಯೂ ಅಲ್ಲಿದ್ದರು. ಊರವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಅಂದೆ. ಊರ ಮಠದ ದಾಸೋಹದಲ್ಲಿ ಬಡಿಸುವುದು ಎಷ್ಟೋ ವರ್ಷಗಳಿಂದ ಅವರ ಸೇವೆ. ಪಾತ್ರೆಯಲ್ಲಿದ್ದದ್ದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಸರಿಯಾಗಿ ಮುಟ್ಟುವಂತೆ ಬಡಿಸುವ ಕೈ ಅದು.

“ಈ ನಾಕಕ್ಕ ಏನ ಬಂತು?” ಎಂದು ಕೇಳಿದರು.

“ಏನೂ ಇಲ್ರಿ ಆಯಿ. ಸೊನ್ನೆ.”

“ಯಾಕ, ಅವೇನ ಸವತಿ ಮಕ್ಕಳೇನು?”

ಎಲ್ಲರೂ ನಕ್ಕರು. ನಾನು ಸಂಶೋಧನೆಯ ಪದ್ಧತಿಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಆಯಿ ಕೊನೆಯವರೆಗೂ ಕೇಳಿ, “ಹಂಗೇನು” ಎಂದರು.

ತಿಂಗಳಾಯಿತು. ಯೂರಿಯಾವನ್ನು ನೀರು ಬಿಡುವ ದಿನವೇ ಹಾಕಬೇಕು. ಆದರೆ ನೀರು ಯಾವ ದಿನ ಬರುತ್ತದೆಂಬುದು ಕಾಲುವೆಗೂ ಗೊತ್ತಿರುತ್ತಿರಲಿಲ್ಲ. ಎರಡು ಸಲ ಬಂದು ಒಣ ಕಾಲುವೆ ನೋಡಿ ವಾಪಸಾದೆ. ಒಂದು ಕಡೆ ಕೂತು ಕಾಯುವ ಸ್ವಭಾವ ನನಗೆ ಮೊದಲಿನಿಂದಲೂ ಇಲ್ಲ. ಮೂರನೆಯ ಸಲ, ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿದ ಹನ್ನೆರಡು ಪೊಟ್ಟಣಗಳ ಮೇಲೆ ಪಟ್ಟಿಯ ಸಂಖ್ಯೆ ಬರೆದು ಆಯಿಯ ಕೈಗೆ ಕೊಟ್ಟೆ. ನೀರು ಬಂದ ದಿನ ಆಯಾ ಪಟ್ಟಿಗೆ ಆಯಾ ಪೊಟ್ಟಣ, ಪೊಟ್ಟಣವಿಲ್ಲದ ಪಟ್ಟಿಗೆ ಏನೂ ಬೇಡ ಎಂದು ಮೂರು ಸಲ ಹೇಳಿ ಬಸ್ ಹತ್ತಿದೆ.

ಮುಂದಿನ ವಾರ ಹೋದಾಗ ಆಯಿ ಹನ್ನೆರಡೂ ಖಾಲಿ ಕಾಗದಗಳನ್ನು ನೀಟಾಗಿ ಮಡಚಿ, ದಾರ ಕಟ್ಟಿ ಹಿಂದಕ್ಕೆ ಕೊಟ್ಟರು. ಇಷ್ಟು ಶಿಸ್ತಿನ ಸಹಾಯಕರು ನಮ್ಮ ವಿಭಾಗದಲ್ಲೂ ಇಲ್ಲ ಅಂದುಕೊಂಡೆ. ಹೊಲಕ್ಕೆ ಹೋದರೆ ಹದಿನಾರು ಪಟ್ಟಿಯೂ ಒಂದೇ ಹಸಿರು. ತಿರುಗಿದೆ, ಮತ್ತೆ ತಿರುಗಿದೆ, ಗೂಟದ ಮೇಲಿನ ಸಂಖ್ಯೆಗಳನ್ನು ಓದಿದೆ. ಸೊನ್ನೆಯ ಪಟ್ಟಿಗಳು ಎಲ್ಲರಂತೆ ಎದೆಯುಬ್ಬಿಸಿ ನಿಂತಿದ್ದವು. ಸುಗ್ಗಿಯಲ್ಲಿ ಕಾಳು ತೂಗಿದಾಗಲೂ ಅದೇ ಕಥೆ.

ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನು ಹೆಗಲು ನೋಯುವಂತೆ ತಿರುಗಿಸಿದರೂ ವ್ಯತ್ಯಾಸ ಬರಲಿಲ್ಲ. ಹೆದರುತ್ತಲೇ ನನ್ನ ಗೈಡ್ ಮುಂದೆ ಕಾಗದ ಇಟ್ಟೆ. ಮೈಸೂರು ಕಡೆಯ ಅವರು ಕನ್ನಡಕ ಹಣೆಗೇರಿಸಿ ಖುಷಿಪಟ್ಟರು.

“ಹೆದರ್ತೀಯ ಯಾಕಯ್ಯಾ? ನಾವು ಅಂದುಕೊಂಡಿದ್ದೇ ಬರೋದಾದ್ರೆ ಹೊಲ ಯಾಕೆ ಬೇಕಿತ್ತು? ಈ ಕಪ್ಪು ಮಣ್ಣಿನಲ್ಲಿ ಉಳಿಕೆ ಸಾರ ಇದೆ. ಎರಡನೇ ಸಲದ ಗೊಬ್ಬರ ದಂಡ. ಬರಿ!”

ಬರೆದೆ. ಉಳಿಕೆ ಸಾರದ ಬಗ್ಗೆ ಒಂದು ಇಡೀ ಅಧ್ಯಾಯ ಬರೆದೆ. ಪದವಿ ಬಂತು, ಬೈಲಹೊಂಗಲದಲ್ಲಿ ನೌಕರಿ ಬಂತು. ನಮ್ಮ ವಿಭಾಗ ನನ್ನ ತೀರ್ಮಾನವನ್ನು ಸೈಕ್ಲೋಸ್ಟೈಲ್ ಮಾಡಿಸಿತು: “ಎರೆಮಣ್ಣಿನ ರೈತರೇ, ಎರಡನೆಯ ಸಲ ಯೂರಿಯಾ ಬೇಡ.” ಆ ಹಾಳೆಗಳನ್ನು ಬೈಲಹೊಂಗಲ, ಕಿತ್ತೂರಿನ ಹಳ್ಳಿಗಳಲ್ಲಿ ಹಂಚುವ ಕೆಲಸವೂ ನನಗೇ ಬಿತ್ತು. ಹೊಲದ ಯಜಮಾನರಿಗೂ ಒಂದು ಹಾಳೆಯನ್ನು ಟಪಾಲಿನಲ್ಲಿ ಹೆಮ್ಮೆಯಿಂದ ಕಳಿಸಿದೆ.

ಆ ವರ್ಷದ ಹಿಂಗಾರಿಯಲ್ಲಿ ಅವರಿಂದ ಒಂದು ಕಾರ್ಡು ಬಂತು: “ಜ್ವಾಳ ಹಳದಿ ಆಗೇತಿ. ಲಗೂನ ಬರ್ರಿ.”

ಬಸ್ಸು ಯರಗಟ್ಟಿಯಲ್ಲಿ ನಿಂತಷ್ಟು ಹೊತ್ತೂ ನಾನು ಕೆಳಗಿಳಿದು ಅದರ ಸುತ್ತ ತಿರುಗುತ್ತಿದ್ದೆ. ಹೊಲ ಮುಟ್ಟಿದಾಗ ಯಾವ ವಿಶ್ಲೇಷಣೆಯೂ ಬೇಕಾಗಲಿಲ್ಲ. ಕೆಳಗಿನ ಎಲೆಗಳು ತುದಿಯಿಂದ ನಡುವಿನವರೆಗೆ ಅರಿಸಿನ ಹಚ್ಚಿದಂತಿದ್ದವು. ಯೂರಿಯಾ ಸಾಲದೆ ಹಸಿದ ಬೆಳೆ.

“ಎರಡನೇ ಸಲದ್ದು ಹಾಕಿಲ್ಲೇನ್ರಿ?” ಎಂದೆ.

“ನಿಮ್ಮ ಹಾಳಿಯೊಳಗ ಬ್ಯಾಡ ಅಂತ ಐತೆಲ್ರಿ!” ಯಜಮಾನರು ಅಂಗಿಯ ಕಿಸೆಯಿಂದ ಅದನ್ನು ತೆಗೆದು ತೋರಿಸಿದರು. “ನನ್ನ ಹೊಲದಾಗ ಮಾಡಿದ ಪರೀಕ್ಷಾ. ನಾನ ನಂಬಲಿಲ್ಲಂದ್ರ ಯಾರ ನಂಬಬೇಕ್ರಿ?”

ಬದುವಿನ ಮೇಲೆ ಕೂತಿದ್ದ ಆಯಿ ಆಗ ಬಾಯಿ ತೆರೆದರು. “ಬ್ಯಾಡ ಅಂತ ಹೆಂಗ ಬರದ್ಯೋ ತಮ್ಮಾ? ಅವು ನಾಕೂ ಉಂಡಿದ್ವಲ್ಲ.”

“ಉಂಡಿದ್ವು ಅಂದ್ರ?” ಕೇಳಿದವರು ಯಜಮಾನರು. ನೀರು ಬಂದ ದಿನ ಅವರು ಕಾಲುವೆಯ ಬಾಯಲ್ಲಿ ನಿಂತಿದ್ದರಂತೆ. ಗೊಬ್ಬರ ಚೆಲ್ಲಿದ್ದು ಆಯಿ.

“ಎಲ್ಲಾ ಪೊಟ್ಣ ಬಿಚ್ಚಿ ಬುಟ್ಟಿಗೆ ಸುರವಿದೆ. ಬಟ್ಟಲದಿಂದ ಹದಿನಾರಕ್ಕೂ ಸರಿ ಹಂಚಿದೆ. ಒಂದ ಸಾಲಿಗೆ ಕುಂದರಿಸಿ, ನಾಕ ಗಂಗಾಳ ಖಾಲಿ ಬಿಟ್ಟು ಮುಂದ ಹ್ವಾದ್ರ ಬಡಸಾಕಿಗೆ ಪಾಪ ಬರೂದಿಲ್ಲೇನು?”

“ಅವ್ವಾ, ನನಗ್ಯಾಕ ಹೇಳಲಿಲ್ಲ?”

“ನೀ ಕೇಳಿದೇನು? ಈ ತಮ್ಮ ಕೇಳಿದಾ. ಇವಗ ಹೇಳೇನಿ.”

ಯಜಮಾನರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಗೊತ್ತಿಲ್ಲದೆ ಬರೆದಿದ್ದರೆ ನಾನು ಬರೀ ಮೂರ್ಖ. ಗೊತ್ತಿದ್ದೂ ಬರೆದಿದ್ದರೆ ನನ್ನನ್ನು ನಂಬಿದ ಮನುಷ್ಯನ ಬೆಳೆಯನ್ನು ಪದವಿಗಾಗಿ ಕೆಡಿಸಿದವನು.

“ಯಾವಾಗ ಹೇಳಿದ್ರಿ, ಆಯಿ?”

“ಊಟಕ್ಕ ಕುಂತಿದ್ದಿ. ಕಡಲಿ ಪಲ್ಲೆ ಮಾಡಿದ್ದೆ. ನೀ ಹೂಂ ಹೂಂ ಅಂದಿ, ಇನ್ನೊಂದ ರೊಟ್ಟಿ ಹಾಕ್ರಿ ಅಂದಿ.”

ಆ ಊಟ ನನಗೆ ನೆನಪಿದೆ. ರೊಟ್ಟಿ, ಬೆಳ್ಳುಳ್ಳಿಯ ಒಗ್ಗರಣೆ, ಆ ಕಡಲೆ ಸೊಪ್ಪಿನ ಹುಳಿ. ಹೂಂ ಅಂದದ್ದೂ ನೆನಪಿದೆ. ಯಾವ ಮಾತಿಗೆ ಅಂದೆ ಎಂಬುದು ಮಾತ್ರ ಇಲ್ಲ. ಅಥವಾ ಆ ಹೂಂ ಕೂಡ ಆಯಿ ಈಗಷ್ಟೇ ಬಿತ್ತಿದ್ದೋ? ಬದುವಿನ ಮೇಲೆ ಅತ್ತಿಂದಿತ್ತ ನಡೆದಾಡುತ್ತ ಲೆಕ್ಕ ಹಾಕಿದೆ. ಹಸಿ ಕಡಲೆ ಸೊಪ್ಪು ಸಿಗುವುದು ಚಳಿಗಾಲದಲ್ಲಿ ಮಾತ್ರ. ಆ ಊಟ ಹಸಿ ಸೊಪ್ಪಿನದಾಗಿದ್ದರೆ ಸುಗ್ಗಿಗೆ ಮೊದಲೇ ನನಗೆ ಗೊತ್ತಿತ್ತು. ಒಣಗಿಸಿಟ್ಟ ಸೊಪ್ಪಾದರೆ ಅದು ಬೇಸಿಗೆ, ಪದವಿಯ ಪೇಢೆ ಕೊಡಲು ಬಂದ ದಿನ, ಪ್ರಬಂಧ ಒಪ್ಪಿಸಿದ ಮೇಲಿನದು.

“ಆಯಿ, ಅದು ಹಸಿ ಪಲ್ಲೆನೋ, ಒಣಾದೋ?”

ಯಜಮಾನರು ಎರಡೂ ಕೈ ಮೇಲೆತ್ತಿದರು. “ಹೊಲಾ ಹಳದಿ ಆಗೇತಿ, ಸಾಹೇಬ್ರು ಪಲ್ಲೆ ಕೇಳಾಕ ಹತ್ಯಾರ!”

“ಹಸೀದಿದ್ದಾಗ ಹಸೀದು, ಒಣಾದಿದ್ದಾಗ ಒಣಾದು,” ಎಂದರು ಆಯಿ. “ಯಾವದಿದ್ರೂ ನಿನಗ ನಾಕ ರೊಟ್ಟಿ.”

ಹಸಿ ಸೊಪ್ಪು ಚಿವುಟಿದರೆ ಬೆರಳಿಗೆ ಹುಳಿ ಹತ್ತುತ್ತದೆ. ಆ ಹುಳಿ ನನ್ನ ಬೆರಳಿಗಿತ್ತೋ ನಾಲಿಗೆಗೋ ಎಂದು ಅಲ್ಲಿಯೇ ಕಣ್ಣು ಮುಚ್ಚಿ ಪರೀಕ್ಷೆ ಮಾಡಿದೆ. ಆದರೆ ಹೋಲಿಸಿ ನೋಡಲು ನನ್ನ ನೆನಪಿಗೆ ಸೊನ್ನೆಯ ಪಟ್ಟಿ ಇರಲಿಲ್ಲ.

“ತಪ್ಪು ನಂದರಿ,” ಎಂದೆ ಕೊನೆಗೆ. “ಯಾವ ಥರದ ತಪ್ಪು ಅಂತ ಮಾತ್ರ ನನಗ ಗೊತ್ತಿಲ್ಲ.”

“ಅದನ್ನ ಆಮ್ಯಾಲೆ ನೋಡ್ಕೋರಿ. ನಾಡಿದ್ದು ನೀರಿನ ಪಾಳಿ ಐತಿ.”

ಯರಗಟ್ಟಿಗೆ ಹೋಗಿ ಯೂರಿಯಾ ತಂದೆ. ನೀರು ಬಂದ ದಿನ ನಾನೂ ಬುಟ್ಟಿ ಹಿಡಿದು ಚೆಲ್ಲಿದೆ. ಹಳೆಯ ಬದುಗಳು ಅರ್ಧಂಬರ್ಧ ಉಳಿದಿದ್ದವು. ಕೊನೆಯ ಪಟ್ಟಿಗೆ ಬಂದಾಗ ಆಯಿ ನನ್ನ ಕೈ ಹಿಡಿದರು.

“ಇದೊಂದ ಬಿಡು. ನಿನ್ನ ಕಾಗದಕ್ಕ ಬೇಕಲ್ಲ.”

ಎಷ್ಟೋ ವರ್ಷ ಒಂದು ಗಂಗಾಳವನ್ನೂ ದಾಟಿ ಹೋಗದ ಕೈ ಅದು. ಹಿಡಿತ ಗಟ್ಟಿಯಾಗಿತ್ತು, ಮುಖ ಮಾತ್ರ ಬೇರೆ ಕಡೆ. ನಾನು ಬಿಟ್ಟೆ.

ಗೈಡ್‌ಗೆ ಪತ್ರ ಬರೆದೆ. ಒಂದು ಪಟ್ಟಿಯಿಂದ ಏನೂ ಸಾಬೀತಾಗದು, ಹದಿನಾರರಲ್ಲೂ ಮತ್ತೆ ಬೆಳೆದು ನೋಡು ಎಂದು ಉತ್ತರ ಬಂತು. ಅವರು ಹೇಳಿದ್ದು ಸರಿ, ಅದು ಇನ್ನಷ್ಟು ಕಾಡಿತು. ಅಲ್ಲಿಯವರೆಗೆ ಕಾಯಲಾಗದೆ ಹಂಚಿದ ಹಾಳೆಗಳನ್ನು ವಾಪಸು ಪಡೆಯಲು ಹೊರಟೆ. ಕಿತ್ತೂರಿನ ಕಡೆ ಅವುಗಳಲ್ಲಿ ಅರ್ಧದಷ್ಟು ಅಂಗಡಿಗಳಲ್ಲಿ ಶೇಂಗಾ ಚಟ್ನಿಯ ಪೊಟ್ಟಣಗಳಾಗಿದ್ದವು. ಉಳಿದವರು ಓದಿ, ನಕ್ಕು, ಯೂರಿಯಾ ಹಾಕಿದ್ದರು. ನಾನು ಕಂಡವರಲ್ಲಿ ನನ್ನ ಮಾತು ನಂಬಿದವರು ಆ ಯಜಮಾನರೊಬ್ಬರೇ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಅವರು ನನ್ನನ್ನು ಊಟಕ್ಕೆ ಕರೆದರು. ಹದಿನೈದು ಪಟ್ಟಿ ಹಸಿರು ತಿರುಗಿ ತೆನೆ ಹಿಡಿದಿದ್ದವು. ಕೊನೆಯದು ಕುಳ್ಳಗೆ, ಹಳದಿಯಾಗಿ ನಿಂತಿತ್ತು. ನಾನು ಮೊದಲ ಸಲ ಕಂಡ ನಿಜವಾದ ಸೊನ್ನೆ. ಭೂಮಿಗೆ ನೈವೇದ್ಯವೆಂದು ಹೊಲದ ಸುತ್ತ ಚೆಲ್ಲುವ ಚರಗದ ಬುಟ್ಟಿಯನ್ನು ಆಯಿ ಸೊಂಟದ ಮೇಲಿಟ್ಟು ಹೊರಟರು. ಅನ್ನ, ಕಡುಬು, ಪಲ್ಯ ಎಲ್ಲ ಕಲಸಿದ್ದು. ಹಸಿರು ಪಟ್ಟಿಗಳಿಗೆ ಒಂದೊಂದೇ ಹಿಡಿ. ಹಳದಿಯ ಹತ್ತಿರ ನಿಂತು ಎಸೆದರು, ಮತ್ತೆ ಎಸೆದರು, ಮತ್ತೊಮ್ಮೆ ಎಸೆದರು. ಆಮೇಲೆ ತಿರುಗಿ ನನ್ನನ್ನು ನೋಡಿದರು.

“ಇದು ಗೊಬ್ಬರ ಅಲ್ಲಪಾ. ಬೇಕಾದ್ರ ಬರಕೋ.”

ಕಿಸೆಯಿಂದ ಪುಸ್ತಕ ತೆಗೆದು ಬರೆದುಕೊಂಡೆ: ಹದಿನಾರನೆಯ ಪಟ್ಟಿ, ಚರಗ, ಮೂರು ಹಿಡಿ.

“ಎಷ್ಟಂತ ಬರದಿ?”

“ಮೂರು.”

“ನಾಕು. ಸರಿಯಾಗಿ ನೋಡು ಒಂದೀಟು.”

ನಾನು ನೋಡಿದ್ದು ಮೂರೇ. ಮೂರನ್ನು ಹಾಗೇ ಉಳಿಸಿ ಪಕ್ಕದಲ್ಲಿ ನಾಲ್ಕು ಎಂದೂ ಬರೆದೆ.