ಐಡಿ ಕೇಳಿದ್ದು ಅವರೊಬ್ಬರನ್ನೇ

ಸಿಡ್ನಿಯಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾಗ ಒಂದು ಮಧ್ಯಾಹ್ನ, ಲೆದರ್ ಉಡುಪಿನ ಮೋಹವಿರುವ ಕಿಂಕ್ ಸಮುದಾಯದವರ ಕೂಟಕ್ಕೆ ಬಾಗಿಲು ಕಾಯುತ್ತಿದ್ದೆ. ಆಫ್ರಿಕನ್ ಮೂಲದ ಕಪ್ಪು ಹೆಂಗಸೊಬ್ಬರು ಲೆದರ್ ಜಾಕೆಟ್ ತೊಟ್ಟು ಬಂದರು. ಐಡಿ ಕೇಳಿದೆ. ಅವರು ಕೊಟ್ಟ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಗಂಡಸಿನ ಹೆಸರಿತ್ತು.

"ಇದು ನಿಮ್ಮದೇನಾ?" ಅಂದೆ.

"ನನ್ನದೇ. ನಾನು ಟ್ರಾನ್ಸ್, ದಾಖಲೆಯಲ್ಲಿ ಹೆಸರು ಇನ್ನೂ ಬದಲಾಗಿಲ್ಲ."

ಕ್ಯೂನಲ್ಲಿ ಯಾರೋ ನಕ್ಕರು. ಆ ಹೆಂಗಸು ಗಟ್ಟಿ ದನಿಯಲ್ಲಿ ನನ್ನನ್ನು ಕೇಳಿದರು: "ನನಗಿಂತ ಮುಂಚೆ ಒಳಗೆ ಹೋದ ಬಿಳಿಯರಲ್ಲಿ ಯಾರ ಐಡಿ ನೋಡಿದಿರಿ?"

ಯಾರದ್ದೂ ನೋಡಿರಲಿಲ್ಲ. ಬಣ್ಣ ನೋಡಿ ತಡೆದರೆ ಹೇಗಿರುತ್ತದೆಂದು ಕಂದು ಮೈಬಣ್ಣದ ನನಗೂ ಗೊತ್ತಿತ್ತು. ನಾಚಿಕೆಯಾಯಿತು.

"ತಪ್ಪಾಯ್ತು," ಎಂದು ಬಾಗಿಲು ತೆಗೆದೆ. ಅವರು ಲೈಸೆನ್ಸ್ ವಾಪಸ್ ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ಬಂದವರೆಲ್ಲರ ಐಡಿ ಕೇಳಿದೆ. "ಇಷ್ಟು ವರ್ಷದಿಂದ ಬರ್ತಿದ್ದೀನಿ, ಯಾರೂ ಕೇಳಿಲ್ಲ," ಎಂದು ಹಲವರು ಗೊಣಗಿದರು. ನಿಜವೇ ಇರಬೇಕು.